ಇನ್ನೆಸ್ ಸಾಹೇಬರು ಮತ್ತು ಅಳಿಸಿದ ಲೆಕ್ಕ

ಟೀಚರ್ಸ್ ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಟೊರೊಂಟೋ ಹತ್ತಿರದ ಪೋರ್ಟ್ ಕ್ರೆಡಿಟ್‌ನಲ್ಲಿ ಮನೆ ಮಾಡಿದ್ದರ ಲಾಭ ಇದು. ಸರೋವರದ ದಂಡೆಯಲ್ಲಿ ಅಡ್ಡಾಡಿದ ಹಾಗೂ ಆಯಿತು, ಈ ಮುದುಕಿಯನ್ನು ಮಾತಾಡಿಸಿದ ಹಾಗೂ ಆಯಿತು. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಕ್ಲಾಸನ್ನು ಹತೋಟಿಯಲ್ಲಿ ಇಡುವುದು ಹೇಗೆ? ನಾನು ಹೇಳುತ್ತೇನೆ, ಅದು ತಾನಾಗಿಯೇ ಬರುತ್ತದೆ, ಬರದವರು ತಾವಾಗಿಯೇ ಬಿಟ್ಟು ಹೋಗುತ್ತಾರೆ. ಕಷ್ಟದ ಪ್ರಶ್ನೆ ಅದಲ್ಲ. ಎದುರಿಗೆ ಕುಳಿತ ಮಗುವಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ತಿಳಿಯುವುದು ಹೇಗೆ? ಅದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ನನಗೆ ಕಲಿಸಿದವರು ಇಬ್ಬರು. ಒಬ್ಬರು ನನ್ನ ಮೇಲಧಿಕಾರಿಯಾಗಿದ್ದ ಸ್ಕಾಟ್ಲೆಂಡಿನ ಗಣಿತದ ಮಾಸ್ತರು, ಇನ್ನೊಬ್ಬಳು ಗೋಕಾಕದ ಹುಡುಗಿ ವನಮಾಲಾ. ಆಕೆ ಕೆನಡಾದಲ್ಲಿ ಓದು ಮುಂದುವರಿಸುತ್ತಾಳೋ, ಅಪ್ಪ ಅವ್ವನನ್ನು ಬಿಟ್ಟು ವಾಪಸು ಹೋಗುತ್ತಾಳೋ ಎಂಬುದು ಒಂದು ವಾರದಲ್ಲಿ ತೀರ್ಮಾನವಾಗಬೇಕಾಗಿತ್ತು. ಆ ವಾರದ ಕಥೆ ಹೇಳಬೇಕೆಂದರೆ ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು.

ನಾನು ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಚೆನ್ನಾಗಿ ಕಲಿಸುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಳ್ಳು ವಿನಯ ಗಣಿತದವರಿಗೆ ಹೊಂದುವುದೂ ಇಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಮನೆಯವರ ಕೆಲಸದ ಜೊತೆಗೆ ಟೊರೊಂಟೋಕ್ಕೆ ಬಂದೆ. ಇಲ್ಲಿ ನನ್ನ ಅನುಭವವನ್ನೆಲ್ಲ ಬದಿಗಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತು, ಸರ್ಟಿಫಿಕೇಟು ತಗೊಳ್ಳಬೇಕಾಯಿತು. ಆಮೇಲೆ ಸಪ್ಲೈ ಟೀಚರ್. ಅಂದರೆ ಬೆಳಗಾಗುತ್ತಲೇ ಫೋನು ಬರುತ್ತದೆ, ಇಂಥ ಶಾಲೆಯಲ್ಲಿ ಇಂಥವರಿಗೆ ಹುಷಾರಿಲ್ಲ, ಓಡಿ ಬನ್ನಿ ಎಂದು. ಹೋದ ಮೇಲೆ ಗೊತ್ತಾಗುತ್ತದೆ, ಅವತ್ತು ನಮ್ಮ ಪಾಲಿಗೆ ಬಂದದ್ದು ಅಡುಗೆ ಕ್ಲಾಸೋ, ಬಾಸ್ಕೆಟ್‌ಬಾಲೋ ಎಂದು. ಒಮ್ಮೆ ಫ್ರೆಂಚ್ ಕ್ಲಾಸಿಗೆ ಹಾಕಿದರು. ನನಗೆ ಫ್ರೆಂಚು ಬಾರದು, ಸುಮ್ಮನೆ ಕೂರುವುದಂತೂ ಮೊದಲೇ ಬಾರದು. ಮಕ್ಕಳಿಗೆ ಬೀಜಗಣಿತ ಕಲಿಸಿ ಬಂದೆ. ಮರುದಿನ ಅವರ ಫ್ರೆಂಚ್ ಟೀಚರು ಬೋರ್ಡು ನೋಡಿ ಏನಂದುಕೊಂಡರೋ ಗೊತ್ತಿಲ್ಲ.

ಕೊನೆಗೆ ಟೊರೊಂಟೋ ಪಕ್ಕದ ಸ್ಕಾರ್‌ಬರೋದ ಒಂದು ಹೈಸ್ಕೂಲಿನಲ್ಲಿ ಕಾಯಂ ಆಗಿ ನಿಂತೆ. ಬಸ್ಸು ಇಳಿದರೆ ಒಂದು ಕಡೆ ತಮಿಳರ ಸೀರೆ ಅಂಗಡಿ, ಮಗ್ಗುಲಲ್ಲಿ ಜಮೈಕಾದವರ ಬೇಕರಿ, ಅದರಾಚೆ ಚೀನೀಯರ ತರಕಾರಿ, ಅವುಗಳ ಹಿಂದೆ ನಮ್ಮ ಶಾಲೆ. ಮಕ್ಕಳೂ ಹಾಗೆಯೇ, ಭೂಗೋಳದ ಪುಸ್ತಕದಲ್ಲಿದ್ದ ಊರುಗಳೆಲ್ಲ ಒಂದೇ ಕೋಣೆಯಲ್ಲಿ. ನನ್ನ ಹೆಸರು ಹಿರೇಮಠ ಎನ್ನುವುದು ಯಾರ ನಾಲಿಗೆಗೂ ಹೊರಳದೆ ಎರಡೇ ದಿನಕ್ಕೆ ಮಿಸ್ ಎಚ್ ಆದೆ.

ಸೇರಿದ ಮೊದಲ ತಿಂಗಳಲ್ಲೇ ಒಂದು ಎಡವಟ್ಟಾಯಿತು. ಮೊದಲ ಟೆಸ್ಟು ತಿದ್ದಿ, ಧಾರವಾಡದಲ್ಲಿ ಮಾಡುತ್ತಿದ್ದ ಹಾಗೆ, ಹೆಚ್ಚು ಮಾರ್ಕಿನಿಂದ ಕಡಿಮೆ ಮಾರ್ಕಿನವರೆಗೆ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿದೆ. ಮೊದಲು ಬಂದವರು ಮುಂದಿನ ಸಾಲಿಗೆ ಬನ್ನಿ ಎಂದೂ ಹೇಳಿದೆ. ನಮ್ಮಲ್ಲಿ ಹೀಗೆ ಓದುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇಲ್ಲಿ ಕ್ಲಾಸು ಕಲ್ಲಾಯಿತು. ಮುಂದಿನ ಸಾಲಿಗೆ ಬಾ ಎಂದದ್ದಕ್ಕೆ ಫಸ್ಟ್ ಬಂದ ಹುಡುಗಿಯೇ ಅಳುವ ಮುಖ ಮಾಡಿದಳು. ಸಂಜೆಯೊಳಗೆ ವೈಸ್ ಪ್ರಿನ್ಸಿಪಾಲರು ಕರೆಸಿ, ಒಂದು ಮಗುವಿನ ಅಂಕ ಇನ್ನೊಂದು ಮಗುವಿಗೆ ಗೊತ್ತಾಗಬಾರದು, ಅದು ಅದರ ಖಾಸಗಿ ವಿಷಯ ಎಂದು ತಿಳಿಹೇಳಿದರು. ಅಂಕ ಖಾಸಗಿ ಎನ್ನುವ ಕಲ್ಪನೆಯೇ ನನಗೆ ಹೊಸದು. ನಮ್ಮೂರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಅಂಕ ನನಗಿಂತ ಮೊದಲು ಓಣಿಗೆಲ್ಲ ಗೊತ್ತಾಗಿತ್ತು.

ಮುಖ ಸಣ್ಣದು ಮಾಡಿಕೊಂಡು ಗಣಿತ ವಿಭಾಗದ ಕೋಣೆಗೆ ಬಂದರೆ, ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಒಬ್ಬರೇ ಕುಳಿತು ನಗುತ್ತಿದ್ದರು. ಅವರೇ ಮಿಸ್ಟರ್ ಇನ್ನೆಸ್. ನಾನು ಅವರನ್ನು ಮನಸ್ಸಿನಲ್ಲಿ ಇನ್ನೆಸ್ ಸಾಹೇಬರು ಎಂದೇ ಕರೆಯುತ್ತಿದ್ದೆ. ಎತ್ತರದ ಆಳು, ಕೆಂಪು ಮುಖ, ಬೇಸಿಗೆಯಲ್ಲೂ ಉಣ್ಣೆಯ ಕೋಟು, ಕೋಟಿನ ಜೇಬಿನ ಸುತ್ತ ಯಾವಾಗಲೂ ಚಾಕ್‌ಪೀಸಿನ ಬಿಳಿ. ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಹುಡುಗರು ಅದಕ್ಕೇ ಹೆದರುತ್ತಿದ್ದರು. ನನ್ನ ಎಡವಟ್ಟು ಅವರ ಕಿವಿಗೆ ಆಗಲೇ ಬಿದ್ದಿತ್ತು. ನೀವು ಮಾಡಿದ್ದನ್ನೇ ನನ್ನ ಮುತ್ತಜ್ಜ ಇಡೀ ಜನ್ಮ ಮಾಡಿದ, ಅಂಕದ ಪ್ರಕಾರವೇ ಮಕ್ಕಳನ್ನು ಕೂಡಿಸುತ್ತಿದ್ದ, ಅವನನ್ನು ಯಾರೂ ಕರೆಸಲಿಲ್ಲ ಎಂದರು. ಅವತ್ತಿನಿಂದ ನಮ್ಮಿಬ್ಬರ ಸ್ನೇಹ ಶುರುವಾಯಿತು.

ಆ ಮುತ್ತಜ್ಜನ ವಿಷಯ ಬಂದರೆ ಸಾಹೇಬರು ಊಟದ ಡಬ್ಬಿ ಮರೆಯುತ್ತಿದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಮೀನುಗಾರರ ಊರೊಂದರಲ್ಲಿ ಆತ ಗಣಿತದ ಮಾಸ್ತರು. ಶಾಲೆ ಎಂದರೆ ಒಂದೇ ಉದ್ದನೆಯ ಕೋಣೆ. ಒಲೆಗೆ ಹಾಕಲು ಪ್ರತಿ ಮಗುವೂ ಬೆಳಿಗ್ಗೆ ಕಂಕುಳಲ್ಲಿ ಒಂದು ಒಣಗಿದ ಜೌಗುಮಣ್ಣಿನ ಹೆಂಟೆ ತರಬೇಕು, ಅಲ್ಲಿ ಅದೇ ಉರುವಲು. ತರದವನು ಬಾಗಿಲ ಪಕ್ಕದ ಚಳಿಯಲ್ಲಿ ಕೂರಬೇಕು. ಮೇಜಿನ ಮೇಲೆ ಚರ್ಮದ ಪಟ್ಟಿ ಸದಾ ತಯಾರು. ಇಂಥ ಕೋಣೆಯಿಂದ ಆತ ಬಡವರ ಹುಡುಗರನ್ನು ನೇರವಾಗಿ ಯೂನಿವರ್ಸಿಟಿಗೆ ಕಳಿಸುತ್ತಿದ್ದನಂತೆ. ಅವರು ಬೆನ್ನ ಮೇಲೆ ಓಟ್ಸ್ ಹಿಟ್ಟಿನ ಚೀಲ ಹೊತ್ತು ನಡೆದೇ ಹೋಗುತ್ತಿದ್ದರು, ಹಿಟ್ಟು ಖಾಲಿಯಾಗುವವರೆಗೆ ಓದುತ್ತಿದ್ದರು, ಖಾಲಿಯಾದರೆ ತಿರುಗಿ ಬಂದು ಇನ್ನೊಂದು ಚೀಲ ಒಯ್ಯುತ್ತಿದ್ದರು.

ಚಳಿಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದ ದಿನಗಳಲ್ಲಿ ದೊಡ್ಡ ಗಂಡಸರೇ ಬಂದು ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕೂರುತ್ತಿದ್ದರು. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆದು ನಡುಗಡಲಲ್ಲಿ ತಮ್ಮ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವುದನ್ನು ಕಲಿಯಲು. ಮುತ್ತಜ್ಜನ ಒಂದು ಕಟ್ಟುನಿಟ್ಟು ಇತ್ತು: ತಾನು ಬಂದು ನೋಡುವ ತನಕ ಯಾರೂ ಸ್ಲೇಟು ಒರೆಸಬಾರದು. ಒಮ್ಮೆ ಗಡ್ಡ ನೆರೆತ ಮೀನುಗಾರನೊಬ್ಬ, ತನ್ನ ಲೆಕ್ಕ ತಪ್ಪಿದ್ದಕ್ಕೆ ನಾಚಿ, ಸ್ಲೇಟನ್ನು ತೋಳಿನಿಂದ ಒರೆಸಿಬಿಟ್ಟ. ಮಾಸ್ತರು ಅವನ ಕೈ ಚಾಚಿಸಿ, ಚಿಕ್ಕ ಮಕ್ಕಳಿಗೆ ಕೊಡುವ ಹಾಗೆಯೇ ಪಟ್ಟಿಯಿಂದ ಏಟು ಕೊಟ್ಟರು. ಕೊಟ್ಟು ಹೇಳಿದರಂತೆ, "ತಪ್ಪನ್ನು ಸ್ಲೇಟಿನ ಮೇಲೆ ಮಾಡು, ಇಲ್ಲಿ ನಾನಿದ್ದೇನೆ. ಸಮುದ್ರದ ಮೇಲೆ ಮಾಡಿದರೆ ನಾನಿರುವುದಿಲ್ಲ." ಇದನ್ನು ಹೇಳುವಾಗ ಇನ್ನೆಸ್ ಸಾಹೇಬರ ಕಣ್ಣಲ್ಲಿ ಎಷ್ಟು ಹೆಮ್ಮೆ ಇರುತ್ತಿತ್ತೆಂದರೆ, ಆ ಏಟು ತಾವೇ ಕೊಟ್ಟವರ ಹಾಗೆ ಕಾಣುತ್ತಿದ್ದರು.

ಆದರೆ ಮೂರು ತಲೆಮಾರು ಇಳಿದು ಬರುವಷ್ಟರಲ್ಲಿ ಆ ಕಟ್ಟುನಿಟ್ಟು ಸಾಹೇಬರ ಕೈಯಲ್ಲಿ ಬೇರೆಯೇ ಆಗಿತ್ತು. ಅವರ ವಿಭಾಗದಲ್ಲಿ ಲೆಕ್ಕದ ಮೆಟ್ಟಿಲುಗಳು ಕಾಣದಿದ್ದರೆ ಉತ್ತರ ಸರಿಯಿದ್ದರೂ ಸೊನ್ನೆ. ದಾರಿ ಕಾಣದ ಉತ್ತರ ನನಗೆ ಉತ್ತರವೇ ಅಲ್ಲ ಎನ್ನುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಅದೇ ಹೊತ್ತಿಗೆ ಕ್ಯಾಲ್ಕ್ಯುಲೇಟರು ಮನೆಮನೆಗೆ ಬಂದಿತ್ತು, ಮೆಟ್ಟಿಲು ತೋರಿಸಿ ಎಂದು ಗದರಿಸದೆ ಗತಿಯಿರಲಿಲ್ಲ. ಒಂದು ದಿನ ಇಬ್ಬರು ಹುಡುಗರು ಜಗಳವಾಡುತ್ತ ನನ್ನ ಹತ್ತಿರ ಬಂದರು. ಎರಡು ಕೂಡಿಸು ಮೂರು ಗುಣಿಸು ನಾಲ್ಕು ಎಂದು ಇಬ್ಬರೂ ಒತ್ತಿದ್ದಾರೆ, ಒಬ್ಬನ ಯಂತ್ರ ಇಪ್ಪತ್ತು ಎನ್ನುತ್ತದೆ, ಇನ್ನೊಬ್ಬನದು ಹದಿನಾಲ್ಕು. ಅಗ್ಗದ ಯಂತ್ರ ಬಂದದ್ದನ್ನು ಬಂದ ಹಾಗೆ ಲೆಕ್ಕ ಮಾಡಿತ್ತು, ದುಬಾರಿಯದು ಗುಣಾಕಾರವನ್ನು ಮೊದಲು ಮಾಡಿತ್ತು. ಎರಡನೆಯದೇ ಸರಿ ಎಂದರೆ, ಅಗ್ಗದ ಯಂತ್ರದ ಹುಡುಗ, ಹಾಗಾದರೆ ಬಡವರಿಗೆ ಬೇರೆ ಗಣಿತವೇ ಎಂದು ಕೇಳಿದ. ನನಗೆ ನಗು ಬಂದಿತು, ಆದರೆ ಆ ಪ್ರಶ್ನೆ ಆಮೇಲೆ ಬಹಳ ದಿನ ತಲೆಯಲ್ಲಿ ಕುಳಿತಿತ್ತು.

ಯಾಕೆಂದರೆ ನಮ್ಮ ಶಾಲೆಯಲ್ಲಿ ನಿಜವಾಗಿಯೂ ಎರಡು ಗಣಿತ ಇದ್ದವು. ಒಂಬತ್ತನೆಯ ತರಗತಿಗೆ ಬಂದ ಮಗುವನ್ನು ಅಡ್ವಾನ್ಸ್‌ಡ್ ಎಂಬ ಕ್ಲಾಸಿಗೋ ಜನರಲ್ ಎಂಬ ಕ್ಲಾಸಿಗೋ ಹಾಕುತ್ತಿದ್ದರು. ಅಡ್ವಾನ್ಸ್‌ಡ್‌ನಿಂದ ಮುಂದೆ ಯೂನಿವರ್ಸಿಟಿಗೆ ದಾರಿ. ಜನರಲ್‌ನಿಂದ ಆ ದಾರಿ ಇಲ್ಲ, ಮತ್ತೆ ಹಿಂದೆ ಬಂದು ಒಂಬತ್ತನೆಯ ತರಗತಿಯಿಂದ ಶುರುಮಾಡಬೇಕು. ಆಮೇಲೆ ಸರಕಾರ ಹೊಸ ಪಠ್ಯಕ್ರಮ ತಂದು ಇವುಗಳ ಹೆಸರು ಬದಲಿಸಿತು. ಬಾಗಿಲು ಮಾತ್ರ ಅದೇ ಜಾಗದಲ್ಲಿ ಉಳಿಯಿತು. ಹೊರದೇಶದಿಂದ ಬಂದ ಮಗುವಿಗೆ ಮೊದಲ ದಿನವೇ ಒಂದು ಪರೀಕ್ಷೆ ಕೊಟ್ಟು ಯಾವ ಬಾಗಿಲು ಎಂದು ತೀರ್ಮಾನಿಸುತ್ತಿದ್ದರು. ಗಣಿತದ ಪರೀಕ್ಷೆಯನ್ನು ತಿದ್ದುವವರು ಇನ್ನೆಸ್ ಸಾಹೇಬರು.

ವನಮಾಲಾ ಬಂದದ್ದು ತೊಂಬತ್ತರ ದಶಕದ ನಡುವೆ, ಒಂದು ಚಳಿಗಾಲದಲ್ಲಿ. ನನ್ನ ಜನರಲ್ ಕ್ಲಾಸಿನ ಹಿಂದಿನ ಸಾಲಿನಲ್ಲಿ ಒಬ್ಬ ಹೊಸ ಹುಡುಗಿ, ಎಣ್ಣೆ ಹಚ್ಚಿ ಬಿಗಿದು ಹೆಣೆದ ಎರಡು ಜಡೆ, ಸಲ್ವಾರದ ಮೇಲೆ ಅಪ್ಪನದಿರಬೇಕು ಎನ್ನುವಂಥ ದೊಡ್ಡ ಜಾಕೆಟ್ಟು. ಹೆಸರು ಕೂಗಿದಾಗ ಎದ್ದು ನಿಂತು ಪ್ರೆಸೆಂಟ್ ಎಂದಳು. ಕ್ಲಾಸಿನವರು ನಕ್ಕರು. ಆ ಎದ್ದು ನಿಲ್ಲುವುದನ್ನೂ ರಿಜಿಸ್ಟರಿನಲ್ಲಿದ್ದ ಮನೆತನದ ಹೆಸರನ್ನೂ ನೋಡಿಯೇ ನನಗೆ ಹುಡುಗಿ ಯಾವ ಕಡೆಯವಳೆಂದು ತಿಳಿಯಿತು. ಕ್ಲಾಸು ಮುಗಿದ ಮೇಲೆ ಕನ್ನಡದಲ್ಲಿ ಮಾತಾಡಿಸಿದೆ. ಆಕೆಯ ಮುಖ ನೋಡಬೇಕಿತ್ತು. ಅಂದಿನಿಂದ ನಾನು ಮಿಸ್ ಎಚ್ ಅಲ್ಲ, ಬಾಯಾರು. ನಮ್ಮ ಕಡೆ ಹೆಣ್ಣುಮಾಸ್ತರನ್ನು ಹಾಗೆಯೇ ಕರೆಯುವುದು. ಬಹಳ ವರ್ಷಗಳ ಮೇಲೆ ಆ ಹೆಸರು ಕಿವಿಗೆ ಬಿದ್ದು ನನಗೂ ಹಿತವಾಯಿತು.

ಎರಡು ದಿನ ಕಳೆದು ಆಕೆಯ ಅಪ್ಪ ಶಿವಪ್ಪನವರು, ಪ್ಲಾಸ್ಟಿಕ್ ಫ್ಯಾಕ್ಟರಿಯ ಶಿಫ್ಟು ಮುಗಿಸಿ, ಹೆಂಡತಿಯನ್ನೂ ಕರೆದುಕೊಂಡು ಶಾಲೆಗೆ ಬಂದರು. ಆ ತಾಯಿ ಕುರ್ಚಿಯ ತುದಿಯಲ್ಲಿ ಕುಳಿತವರು ಕೊನೆಯವರೆಗೆ ಒಂದು ಮಾತಾಡಲಿಲ್ಲ. ಶಿವಪ್ಪನವರು ಕೂರಲೇ ಇಲ್ಲ.

"ಬಾಯಾರ, ನನ್ನ ಮಗಳು ದಡ್ಡಿ ಅಲ್ರಿ. ಅಲ್ಲೆ ಗೋಕಾಕದಾಗ ಕ್ಲಾಸಿಗೇ ಫಸ್ಟ್ ಇದ್ದಾಕಿ. ಇಲ್ಲೆ ಆಕಿನ್ನ ಜನರಲ್‌ನ್ಯಾಗ ಕುಂದ್ರಿಸ್ಯಾರ. ಹಿಂಗ ಆದ್ರ ವಾಪಸ್ ನಮ್ಮ ಅಕ್ಕನ ಮನಿಗೆ ಕಳಿಸಿಬಿಡ್ತೇನ್ರಿ. ಅಲ್ಲೇರ ಎಸ್ಸೆಸ್ಸೆಲ್ಸಿ ಮುಗಸ್ತಾಳ."

ಮಗಳನ್ನು ಒಬ್ಬಳನ್ನೇ ಹಾಗೆ ಕಳಿಸುತ್ತೀರಾ ಎಂದು ಕೇಳಿದೆ. ಟಿಕೆಟ್ಟಿನ ವಿಚಾರಣೆಯನ್ನೂ ಮಾಡಿ ಬಂದಿದ್ದರು. ತಾಯಿ ಆಗ ಮುಖ ಆಚೆ ತಿರುಗಿಸಿದರು. ಕ್ಲಾಸು ಬದಲಿಸಲು ಶುಕ್ರವಾರ ಕೊನೆಯ ದಿನ, ಅಲ್ಲಿಯವರೆಗೆ ತಡೆಯಿರಿ, ನಾನು ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಏನು ನೋಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಆದರೆ ಹೇಳುವಾಗ ದನಿ ಗಟ್ಟಿಯಾಗಿತ್ತು, ಅದೂ ಮಾಸ್ತರಿಕೆಯ ಒಂದು ಭಾಗವೇ.

ಸಾಹೇಬರನ್ನು ಕೇಳಿದೆ. ಆ ಹುಡುಗಿಯ ಪರೀಕ್ಷೆ ಅವರಿಗೆ ಚೆನ್ನಾಗಿ ನೆನಪಿತ್ತು. ಉತ್ತರಗಳು ಬಹುಪಾಲು ಸರಿ ಇದ್ದವು, ಆದರೆ ಉತ್ತರದ ಹೊರತು ಹಾಳೆಯ ಮೇಲೆ ಇನ್ನೇನೂ ಇರಲಿಲ್ಲ. ಪಕ್ಕದಲ್ಲೇ ಇನ್ನೊಬ್ಬ ಹುಡುಗ ಪರೀಕ್ಷೆ ಬರೆಯುತ್ತಿದ್ದ. ಅವನದನ್ನು ನೋಡಿ ಬರೆದಿರಬೇಕು, ಇಲ್ಲವೇ ಊಹೆ ಮಾಡಿರಬೇಕು, ಎರಡಕ್ಕೂ ನನ್ನ ಹತ್ತಿರ ಅಂಕವಿಲ್ಲ ಎಂದರು. ದನಿ ಇಳಿದಿತ್ತು.

ಮರುದಿನ ಕ್ಲಾಸಿನಲ್ಲಿ ಮಕ್ಕಳಿಗೆ ಲೆಕ್ಕ ಕೊಟ್ಟು, ಆಕೆಯ ಹಿಂದೆ ಹೋಗಿ ನಿಂತೆ. ವನಮಾಲಾ ಹಾಳೆಯ ಬಲ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಲೆಕ್ಕ ಮಾಡಿದಳು. ಒಂದೊಂದು ಮೆಟ್ಟಿಲೂ ಸರಿ. ಆಮೇಲೆ ಪೆನ್ನು ತೆಗೆದು ಉತ್ತರವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಬರೆದು, ರಬ್ಬರು ತಗೊಂಡು, ಅಂಚಿನಲ್ಲಿದ್ದದ್ದನ್ನೆಲ್ಲ ಗುರುತು ಉಳಿಯದ ಹಾಗೆ ಅಳಿಸಿ, ಬಾಯಿಂದ ಊದಿ, ಅಂಗೈಯಿಂದ ಸವರಿ ಚೊಕ್ಕಟ ಮಾಡಿದಳು. ಯಾಕೆ ಅಳಿಸಿದೆ ಎಂದು ಕೇಳಿದರೆ ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಅದು ಕಚ್ಚಾ ಐತಲ್ರಿ ಬಾಯಾರ. ಹಂಗ ಬಿಟ್ರ ಹಾಳಿ ಹೊಲಸು ಕಾಣಸ್ತೈತಿ."

ನಾನು ಅಲ್ಲೇ ನಕ್ಕುಬಿಟ್ಟೆ. ಧಾರವಾಡದಲ್ಲಿ ಇಂಥ ಹಾಳೆ ಸಿಕ್ಕಿದ್ದರೆ ಇಡೀ ಕ್ಲಾಸಿಗೆ ತೋರಿಸಿ ಹೀಗೆ ಬರೆಯಬೇಕು ಎನ್ನುತ್ತಿದ್ದೆ. ನಮ್ಮಲ್ಲಿ ಪ್ರತಿ ಮಗುವಿಗೂ ಎರಡು ವಹಿ, ಅಂದರೆ ನೋಟ್‌ಬುಕ್ಕು: ಕಚ್ಚಾ ವಹಿಯಲ್ಲಿ ಒದ್ದಾಟ, ಪಕ್ಕಾ ವಹಿಯಲ್ಲಿ ಅಂದ. ತಿದ್ದಲು ಬರುವುದು ಪಕ್ಕಾ ವಹಿ ಮಾತ್ರ. ಒಂದೇ ಹಾಳೆ ಕೊಟ್ಟರೆ ಮಗು ಏನು ಮಾಡಬೇಕು? ಒದ್ದಾಟವನ್ನು ಅಳಿಸಿ ಅಂದವನ್ನು ಉಳಿಸುತ್ತದೆ. ಪರೀಕ್ಷೆಯಲ್ಲೂ ವನಮಾಲಾ ಅದನ್ನೇ ಮಾಡಿದ್ದಳು. ಇಲ್ಲಿ ಆ ಒದ್ದಾಟಕ್ಕೇ ಅಂಕ ಎಂದು ಆಕೆಗೆ ಹೇಳಿದವರು ಯಾರೂ ಇರಲಿಲ್ಲ.

ಗುರುವಾರ ಊಟದ ಹೊತ್ತಿಗೆ ಇದನ್ನೆಲ್ಲ ಸಾಹೇಬರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, ಹಾಗಾದರೆ ನಿಮ್ಮಲ್ಲಿ ಮಕ್ಕಳಿಗೆ ಸಾಕ್ಷ್ಯ ನಾಶ ಮಾಡುವುದನ್ನು ಕಲಿಸುತ್ತೀರಿ ಎಂದರು. ನಾನೂ ಬಿಡಲಿಲ್ಲ. ಮನೆಗೆ ಬಂದವರಿಗೆ ನಾವು ಬಡಿಸಿದ ಎಲೆ ತೋರಿಸುತ್ತೇವೆ, ಅಡುಗೆಮನೆ ತೋರಿಸುವುದಿಲ್ಲ ಎಂದೆ. ನಾನು ಊಟಕ್ಕೆ ಬಂದವನಲ್ಲ, ಅಡುಗೆಮನೆ ನೋಡಲೆಂದೇ ಬಂದವನು ಎಂದರು. ಮಾತು ಅಲ್ಲಿಗೆ ನಿಲ್ಲುತ್ತಿತ್ತು, ನನಗೆ ಸಿಟ್ಟು ಬರದಿದ್ದರೆ.

"ನಿಮ್ಮ ಮುತ್ತಜ್ಜ ಸ್ಲೇಟು ಒರೆಸಬೇಡಿ ಎಂದದ್ದು ತಪ್ಪು ಎಲ್ಲಾಗಿದೆ ಎಂದು ನೋಡಲಿಕ್ಕೆ," ಎಂದೆ. "ನೀವು ಅದನ್ನು ಇಟ್ಟುಕೊಂಡಿರುವುದು ಸೊನ್ನೆ ಹಾಕಲಿಕ್ಕೆ. ಆತ ಒರೆಸಿದವನಿಗೆ ಒಂದು ಏಟು ಕೊಟ್ಟ, ಕೊಟ್ಟು ಮತ್ತೆ ಕಲಿಸಿದ. ಬಾಗಿಲ ಹೊರಗೆ ಹಾಕಲಿಲ್ಲ."

ಆಡಿದ ಮೇಲೆ ಹೆಚ್ಚಾಯಿತೇನೋ ಅನಿಸಿತು, ಆದರೆ ಹಿಂದೆ ತಗೊಳ್ಳುವ ಮಾತಾಗಿರಲಿಲ್ಲ. ಇನ್ನೆಸ್ ಸಾಹೇಬರು ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಹೇಳಿದರು, ನಾಳೆ ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನನ್ನ ಕೋಣೆಗೆ ಕರೆತನ್ನಿ, ಬೋರ್ಡಿನ ಮೇಲೆ ಒಂದು ಲೆಕ್ಕ ಕೊಡುತ್ತೇನೆ. ಒಂದೇ ಷರತ್ತು, ಆಕೆ ಮುಗಿಸುವವರೆಗೆ ನೀವು ಬಾಯಿ ಬಿಡಬಾರದು, ನಿಮ್ಮ ಭಾಷೆಯಲ್ಲೂ ಕೂಡದು. ಒಪ್ಪಿಕೊಂಡೆ. ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು, ನಾನು ಆಕೆಯ ಅಂಕಗಣಿತ ನೋಡಿದ್ದೆನೇ ಹೊರತು ಜ್ಯಾಮಿತಿ ನೋಡಿಯೇ ಇರಲಿಲ್ಲ. ಸಾಹೇಬರು ಜ್ಯಾಮಿತಿ ಬಿಟ್ಟು ಬೇರೆ ಕೊಡುವವರಲ್ಲ.

ಶುಕ್ರವಾರ ಕೋಣೆಯೊಳಗೆ ಹೋಗುವ ಮೊದಲು ವನಮಾಲಾಗೆ ಒಂದೇ ಮಾತು ಹೇಳಿದೆ, ಏನನ್ನೂ ಅಳಿಸಬೇಡ. ಆಕೆ ಹೂಂ ಎಂದಳು. ಅಪ್ಪ ಅವ್ವ ಇಬ್ಬರೂ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಶಿವಪ್ಪನವರು ಶಿಫ್ಟಿಗೆ ರಜೆ ಹಾಕಿ ಬಂದಿದ್ದರು.

ಇನ್ನೆಸ್ ಸಾಹೇಬರು ಮಾಡಿದ ಮೊದಲ ಕೆಲಸ ಡಸ್ಟರನ್ನು ಬೋರ್ಡಿನ ಕೆಳಗಿನಿಂದ ತೆಗೆದು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡದ್ದು. ಆಮೇಲೆ ಬೋರ್ಡಿನ ನಡುವೆ ಒಂದು ತ್ರಿಭುಜ ಬರೆದರು. ಕೆಳಗಿನ ಎರಡು ಮೂಲೆಗಳಿಂದ ಎದುರಿನ ಬಾಹುಗಳಿಗೆ ಒಂದೊಂದು ಲಂಬ ಎಳೆದರು. ಆ ಎರಡು ಲಂಬಗಳ ಮೇಲೆ ಸಣ್ಣ ಗೀಟು ಹಾಕಿ ಎರಡೂ ಸಮ ಎಂದು ತೋರಿಸಿದರು. ಕೊನೆಗೆ ತ್ರಿಭುಜದ ಎಡ ಬಾಹು ಬಲ ಬಾಹುವಿಗೆ ಸಮ ಎಂದು ಚಿಹ್ನೆಯಲ್ಲಿ ಬರೆದು, ಅದರ ಮುಂದೆ ದೊಡ್ಡ ಪ್ರಶ್ನಾರ್ಥಕ ಹಾಕಿದರು. ಒಂದು ಶಬ್ದವಿಲ್ಲ. ಲಂಬಗಳು ಸಮವಾಗಿದ್ದರೆ ಬಾಹುಗಳೂ ಸಮ ಎಂದು ಸಾಧಿಸು ಎಂಬುದು ಲೆಕ್ಕ. ಭಾಷೆ ಬಾರದವರಿಗೂ ಅರ್ಥವಾಗುವಂತೆ ಬರೆದಿದ್ದರು, ಅದಕ್ಕಾಗಿ ನಾನು ಅವರನ್ನು ಮನಸ್ಸಿನಲ್ಲೇ ಮೆಚ್ಚಿದೆ.

ವನಮಾಲಾ ಚಾಕ್‌ಪೀಸು ತಗೊಂಡು ಚಿತ್ರದ ಎಡಕ್ಕೆ ಕನ್ನಡದಲ್ಲಿ ದತ್ತ ಎಂದು ಬರೆದಳು, ಕೆಳಗೆ ಸಾಧನೀಯ ಎಂದು, ಅದರ ಕೆಳಗೆ ಸಾಧನೆ ಎಂದು. ನಾನು ಹುಡುಗಿಯಾಗಿದ್ದಾಗಿನಿಂದ ಕಲಿತದ್ದು, ಕಲಿಸಿದ್ದು ಇದೇ ಕ್ರಮ: ಕೊಟ್ಟದ್ದೇನು, ತೋರಿಸಬೇಕಾದ್ದೇನು, ತೋರಿಸುವುದು ಹೇಗೆ. ಸಾಹೇಬರಿಗೆ ಅಕ್ಷರ ತಿಳಿಯದು, ಆದರೆ ಮೂರು ತಲೆಬರಹ ನೋಡುತ್ತಲೇ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಸಾಧನೆಯ ಮೊದಲ ಸಾಲಿನಲ್ಲೇ ಆಕೆ ತಪ್ಪಿದಳು. ಎಡ ಬಾಹು ಬಲ ಬಾಹುವಿಗೆ ಸಮ ಎಂದು ಚಿಹ್ನೆಯಲ್ಲಿ ಬರೆದು ಅಲ್ಲಿಂದ ಮುಂದೆ ಹೊರಟಳು. ತಲುಪಬೇಕಾದ ಊರಿನಲ್ಲೇ ನಿಂತು ಪ್ರಯಾಣ ಶುರುಮಾಡಿದ ಹಾಗೆ. ಹೊಸಬರು ಎಲ್ಲರೂ ಮಾಡುವ ತಪ್ಪೇ, ಆದರೆ ಆ ಕೋಣೆಯಲ್ಲಿ ಅವತ್ತು ಮಾಡಬಾರದ ತಪ್ಪು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ.

ಮೂರನೆಯ ಸಾಲಿಗೆ ಆಕೆಯ ಕೈ ನಿಂತಿತು. ಮೇಲಕ್ಕೆ ನೋಡಿದಳು, ತನ್ನದೇ ಮೊದಲ ಸಾಲನ್ನು ಓದಿದಳು. ಕುತ್ತಿಗೆಯವರೆಗೆ ಕೆಂಪೇರಿತು. ಡಸ್ಟರಿಗಾಗಿ ಕೈ ಹೋಯಿತು, ಅದು ಇರಲಿಲ್ಲ. ಜಾಕೆಟ್ಟಿನ ತೋಳನ್ನು ಅಂಗೈಗೆ ಎಳೆದುಕೊಂಡು ಬೋರ್ಡಿನ ಹತ್ತಿರ ಒಯ್ದಳು. ಸಾಹೇಬರು ಅಲುಗಾಡಲಿಲ್ಲ. ಆಕೆ ತಿರುಗಿ ನನ್ನನ್ನು ನೋಡಿದಳು. ನಾನು ಬೇಕೆಂದೇ ಕಿಟಕಿಯ ಹೊರಗೆ, ಹಿಮ ತುಂಬಿದ ಆಟದ ಬಯಲನ್ನು ನೋಡುತ್ತ ನಿಂತೆ. ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಚಾಕ್‌ಪೀಸಿನ ಸದ್ದು ಕೇಳಿತು. ತಿರುಗಿ ನೋಡಿದರೆ ಎಡಗಡೆಯ ಮೂರು ಸಾಲೂ ಹಾಗೆಯೇ ಇದ್ದವು. ಆಕೆ ಚಿತ್ರದ ಬಲಕ್ಕೆ ಹೋಗಿ ಹೊಸದಾಗಿ ಸಾಧನೆ ಎಂದು ಬರೆದಿದ್ದಳು. ಈ ಸಲ ಕೊಟ್ಟಿದ್ದ ಲಂಬಗಳಿಂದ ಹೊರಟು, ಎರಡು ಲಂಬಕೋನ, ಒಂದು ಸಾಮಾನ್ಯ ಕೋನ ಹಿಡಿದು, ಎರಡು ತ್ರಿಭುಜಗಳು ಸರ್ವಸಮ ಎಂದು ತೋರಿಸಿ, ಕೊನೆಯ ಸಾಲಿನಲ್ಲಿ ಬಾಹುಗಳು ಸಮ ಎಂದು ಮುಗಿಸಿದಳು. ಪ್ರತಿ ಸಾಲಿನ ಮುಂದೆಯೂ ಕಾರಣ ಬರೆದಿದ್ದಳು.

ಇನ್ನೆಸ್ ಸಾಹೇಬರು ಎದ್ದು ಬೋರ್ಡಿನ ಹತ್ತಿರ ಹೋದರು. ಬಲಗಡೆಯದನ್ನು ಒಮ್ಮೆ ನೋಡಿದರು. ಎ‌ಡಗಡೆಯದರ ಮುಂದೆ ಬಹಳ ಹೊತ್ತು ನಿಂತರು. ಈಗ ನೀವು ಮಾತಾಡಬಹುದು, ಇಲ್ಲಿ ಯಾಕೆ ನಿಲ್ಲಿಸಿದಳು ಎಂದು ಕೇಳಿ ಎಂದರು. ಕೇಳಿದೆ.

"ಅದು ನಾವು ಸಾಧಿಸಬೇಕಾದ್ದಲ್ರೀ ಬಾಯಾರ. ಅದನ್ನ ಮೊದಲ ಹಿಡಕೊಂಡು ಕುಂತ್ರ ಮುಂದ ಸಾಧಿಸೂದೇನು?"

ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಸಾಹೇಬರು ಜೇಬಿನಿಂದ ಡಸ್ಟರು ತೆಗೆದು ಮೇಜಿನ ಮೇಲೆ ಇಟ್ಟರು, ಬೋರ್ಡಿಗೆ ಮುಟ್ಟಿಸಲಿಲ್ಲ.

"ಬಲಗಡೆಯದನ್ನು ಯಾವುದಾದರೂ ಪುಸ್ತಕದಿಂದ ಬಾಯಿಪಾಠ ಮಾಡಿರಬಹುದು," ಎಂದರು. "ಎಡಗಡೆಯದು ಅವಳದೇ. ಸೋಮವಾರದಿಂದ ನನ್ನ ಕ್ಲಾಸಿಗೆ ಬರಲಿ."

ಕ್ಲಾಸು ಬದಲಿಸುವ ಕಾಗದಕ್ಕೆ ಅಲ್ಲೇ ಸಹಿ ಮಾಡಿ, ಆಫೀಸು ಮುಚ್ಚುವ ಮೊದಲು ಕೊಡುತ್ತೇನೆಂದು ತಾವೇ ಹೊರಟರು. ಬಾಗಿಲಲ್ಲಿ ಶಿವಪ್ಪನವರು ಎದ್ದು ನಿಂತಿದ್ದನ್ನು ನೋಡಿ, ಕೈ ಚಾಚಿ ಕುಲುಕಿ, ಏನೂ ಹೇಳದೆ ಮುಂದೆ ಹೋದರು. ಶಿವಪ್ಪನವರು ಏನಾಯಿತೆಂದು ತಿಳಿಯದೆ ನನ್ನ ಕಡೆ ನೋಡಿದರು. ಇಲ್ಲೇ ಇರ್ತಾಳ್ರಿ ಎಂದೆ. ಅಷ್ಟು ದಿನ ಒಂದು ಮಾತೂ ಆಡದಿದ್ದ ಆ ತಾಯಿ ಬೆಂಚಿನ ಮೇಲೆ ಕುಳಿತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು ಜೋರಾಗಿ ಅತ್ತರು. ನನಗೂ ಕಣ್ಣು ತುಂಬಿ ಬಂದವು.

ವನಮಾಲಾ ಮಾತ್ರ ಇನ್ನೂ ಒಳಗೆ ಬೋರ್ಡಿನ ಮುಂದೆಯೇ ನಿಂತಿದ್ದಳು. ಎಡಗಡೆಯ ಮೂರು ಸಾಲನ್ನು ನೋಡುತ್ತಿದ್ದಳು. ಸಾಹೇಬರು ಹೇಳಿದ್ದನ್ನು ಆಕೆಗೆ ಕನ್ನಡದಲ್ಲಿ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡರೆ ಹಣೆ ಗಂಟಿಕ್ಕಿ ಯೋಚನೆಗೆ ಬಿದ್ದಳು.

"ಹಂಗಾರ ಬಾಯಾರ, ಇನ್ನ ಮ್ಯಾಲೆ ನಾ ಮಾಡಿದ ತಪ್ಪೆಲ್ಲಾ ಅವರಿಗೆ ತೋರಸಬೇಕೇನ್ರಿ?"

"ಹೌದವಾ," ಎಂದೆ. "ಅದನ್ನ ನೋಡಾಕಂತನ ನಮಗ ಪಗಾರ ಕೊಡ್ತಾರ."